ಹಳೆಯ ವಾಹನಗಳಿಗೆ ತಿರುವಿನ ಸಂಜ್ಞಾದೀಪಗಳನ್ನು ಅಳವಡಿಸುವ ವಿಚಾರ

೧. ವಿಷಯಪ್ರವೇಶ

ತಾನು ಯಾವ ಕಡೆಗೆ ತಿರುಗಲಿರುವನೆಂಬುದನ್ನು ದಾರಿಯಲ್ಲಿರುವ ಇತರರಿಗೆ ಮುಂದಾಗಿ ತಿಳಿಸಬೇಕಾದ ಅಗತ್ಯವು ಮೋಟಾರು ಗಾಡಿಗಳ ಕಾಲಕ್ಕೆ ಮೊದಲು ಅಷ್ಟಾಗಿ ಇರಲಿಲ್ಲ. ಕಾಲ್ನಡಿಗೆಯವನು ತಿರುಗುವ ಮೊದಲು ಅವನ ಮುಖವೂ ಹೆಗಲೂ ತಿರುಗುತ್ತವೆ; ಎತ್ತಿನ ಗಾಡಿಯು ತಿರುಗುವ ಮೊದಲು ಎತ್ತುಗಳ ಕೊರಳು ತಿರುಗುತ್ತದೆ. ನೋಡುವವನಿಗೆ ಅಷ್ಟೇ ಸಾಕು. ಗತಿಯು ಮಂದವಾಗಿದ್ದುದರಿಂದ ತಪ್ಪಾಗಿ ತಿಳಿದರೂ ತಿದ್ದಿಕೊಳ್ಳಲು ಅವಕಾಶವಿರುತ್ತಿತ್ತು. ಮೋಟಾರು ಗಾಡಿಗಾದರೋ ಕೊರಳಿಲ್ಲ. ಅದನ್ನು ನಡೆಯಿಸುವವನ ಮುಖವು ಗಾಜಿನ ಹಿಂದೆ ಮರೆಯಾಗಿರುತ್ತದೆ. ಚಕ್ರಗಳು ಹೊರಳಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿಯೇ ತಿರುಗಿಬಿಟ್ಟಿರುತ್ತದೆ. ಆದುದರಿಂದ ಮನಸ್ಸಿನಲ್ಲಿರುವ ಸಂಕಲ್ಪವನ್ನು ಹೊರಗೆ ತೋರಿಸುವುದಕ್ಕೆ ಒಂದು ಸಂಜ್ಞೆಯನ್ನು ಕಲ್ಪಿಸಬೇಕಾಯಿತು.

ಈ ಸಂಜ್ಞೆಯು ಮೊದಲು ಚಾಲಕನ ಕೈಯಾಗಿದ್ದು, ಬಳಿಕ ಗಾಡಿಗೆ ಜೋಡಿಸಿದ ಲೋಹದ ಕೈಯಾಗಿ, ಕಡೆಗೆ ಮಿನುಗುವ ದೀಪವಾಗಿ ಪರಿಣಮಿಸಿದೆ. ಈ ಪರಿಣಾಮವು ಸುಮಾರು ಅರ್ಧ ಶತಮಾನದೊಳಗೆ ನಡೆದುಹೋಯಿತು. ಆದರೆ ಗಾಡಿಗಳ ಆಯುಸ್ಸು ಸಂಜ್ಞೆಗಳ ಆಯುಸ್ಸಿಗಿಂತ ದೀರ್ಘವಾಗಿರಬಹುದು. ಕೈಯ ಕಾಲದಲ್ಲಿ ಹುಟ್ಟಿದ ಗಾಡಿಗಳು ದೀಪದ ಕಾಲದಲ್ಲಿಯೂ ಓಡುತ್ತಿವೆ. ಅಂಥ ಹಳೆಯ ವಾಹನಗಳಿಗೆ ಹೊಸದಾಗಿ ಸಂಜ್ಞಾದೀಪಗಳನ್ನು ಕೂಡಿಸುವುದು ಯುಕ್ತವೇ, ಯುಕ್ತವಾದರೆ ಯಾವ ರೀತಿಯಿಂದ, ಎಂಬುದು ಹಳೆಯ ವಸ್ತುಗಳನ್ನು ಕಾಪಾಡುವವರಲ್ಲಿ ಬಹುಕಾಲದಿಂದ ಚರ್ಚೆಗೆ ಬಂದಿರುವ ವಿಷಯ. ಮೇಲುನೋಟಕ್ಕೆ ಇದು ಕಮ್ಮಾರಸಾಲೆಯ ಪ್ರಶ್ನೆಯಂತೆ ತೋರಿದರೂ, ಹಳೆಯ ಗ್ರಂಥಗಳನ್ನು ಶೋಧಿಸಿ ಪ್ರಕಟಿಸುವ ವಿದ್ವಾಂಸರಿಗೆ ಚಿರಪರಿಚಿತವಾದ ಪ್ರಶ್ನೆಯೇ ಇದರಲ್ಲಿ ಅಡಗಿದೆ. ಆದಕಾರಣ ಇದರ ಚರಿತ್ರೆಯನ್ನು ಕ್ರಮವಾಗಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

೨. ಸಂಜ್ಞೆಯ ಸ್ವರೂಪ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವೆಂದು ಮೀಮಾಂಸಕರೂ, ಸಂಕೇತದಿಂದ ಏರ್ಪಟ್ಟದ್ದೆಂದು ನೈಯಾಯಿಕರೂ ವಾದಿಸುವರೆಂಬುದು ವಿದಿತವೇ ಆಗಿದೆ. ಶಬ್ದದ ವಿಷಯದಲ್ಲಿ ಈ ವಾದವು ಹೇಗಾದರೂ ಇರಲಿ, ದಾರಿಯ ಸಂಜ್ಞೆಗಳ ವಿಷಯದಲ್ಲಿ ಮಾತ್ರ ನೈಯಾಯಿಕರ ಪಕ್ಷವೇ ನಿಲ್ಲತಕ್ಕದ್ದು. ಅದೆಂತೆಂದರೆ, ಒಂದೇ ಬಗೆಯ ತಿರುವಿಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹಸ್ತಸಂಜ್ಞೆಗಳುಂಟು. ಭಾರತದಲ್ಲಿ ಚಾಲಕನು ಗಾಡಿಯ ಬಲಗಡೆಯಲ್ಲಿ ಕುಳಿತಿರುತ್ತಾನೆ. ಅವನು ಬಲಕ್ಕೆ ತಿರುಗುವಾಗ ಬಲಗೈಯನ್ನು ಅಂಗೈ ಮುಂದಾಗುವಂತೆ ನೇರವಾಗಿ ಹೊರಗೆ ಚಾಚಬೇಕು. ಎಡಕ್ಕೆ ತಿರುಗುವಾಗ ಅದೇ ಬಲಗೈಯನ್ನು ಚಾಚಿ ಅಪ್ರದಕ್ಷಿಣವಾಗಿ ಸುತ್ತಬೇಕು. ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಚಾಲಕನು ಎಡಗಡೆಯಲ್ಲಿರುವುದರಿಂದ ಎಡಗೈಯನ್ನು ನೇರವಾಗಿ ಚಾಚಿದರೆ ಎಡತಿರುವು, ಮೊಳಕೈಯನ್ನು ಮಡಿಸಿ ಮೇಲೆತ್ತಿದರೆ ಬಲತಿರುವು. ಇಂಗ್ಲೆಂಡಿನಲ್ಲಿ ೧೯೩೧ರಲ್ಲಿ ಮೊದಲು ಪ್ರಕಟವಾದ 'ಹೈವೇ ಕೋಡ್' ಎಂಬ ಮಾರ್ಗನಿಯಮಗಳ ಪುಸ್ತಕದಲ್ಲಿ ಕುದುರೆಗಾಡಿಯವರಿಗಾಗಿ ಚಾವಟಿಯ ಸಂಜ್ಞೆಗಳನ್ನು ಕೂಡ ವಿಧಿಸಲಾಗಿತ್ತು. ಚಾವಟಿಯನ್ನು ಎತ್ತಿ ಸುತ್ತಿ ಬೇಕಾದ ಕಡೆಗೆ ವಾಲಿಸಬೇಕೆಂಬುದು ಅದರ ತಾತ್ಪರ್ಯ. ಈ ಚಲನೆಗಳಲ್ಲಿ ತಿರುವಿನ ಅರ್ಥವು ಸ್ವಭಾವದಿಂದಲೇ ಇದೆಯೆಂದು ಯಾರೂ ಹೇಳಲಾರರು. ಜನರು ಹೀಗೆಂದು ಒಪ್ಪಿಕೊಂಡರು, ಅಷ್ಟರಿಂದ ಅರ್ಥವುಂಟಾಯಿತು.

ಸಂಕೇತದಿಂದ ಬಂದ ಅರ್ಥಕ್ಕೆ ಒಂದು ದೌರ್ಬಲ್ಯವುಂಟು. ಮಗುವು ಪದಗಳ ಅರ್ಥವನ್ನು ವೃದ್ಧವ್ಯವಹಾರದಿಂದ, ಎಂದರೆ ಹಿರಿಯರು ಆಡಿ ಮಾಡುವುದನ್ನು ನೋಡಿ ತಿಳಿಯುವುದೆಂದು ಶಾಸ್ತ್ರಕಾರರು ಹೇಳುತ್ತಾರೆ. ಚಾಲಕನು ಸಂಜ್ಞೆಗಳ ಅರ್ಥವನ್ನು ತಿಳಿಯುವುದೂ ಹೆಚ್ಚಾಗಿ ಹೀಗೆಯೇ. ಪರೀಕ್ಷೆಗಾಗಿ ಓದಿದ್ದು ಮರೆತುಹೋಗಬಹುದು. ದಿನದಿನವೂ ದಾರಿಯಲ್ಲಿ ಕಂಡದ್ದು ಮರೆಯದು. ಎಲ್ಲಿ ವ್ಯವಹಾರವು ನಿಂತಿತೋ ಅಲ್ಲಿ ಅರ್ಥವೂ ಕ್ರಮೇಣ ಅಳಿಯುತ್ತದೆ. ಭಾರತದಲ್ಲಿ ಹಸ್ತಸಂಜ್ಞೆಗಳು ವಿಧಿಯಲ್ಲಿ ಬಹುಕಾಲ ಉಳಿದುಕೊಂಡು ಬಂದರೂ ದಾರಿಯಲ್ಲಿ ವಿರಳವಾಗಿವೆ. ಮುಸ್ಸಂಜೆಯಲ್ಲಿ ಹಳೆಯ ಕಾರೊಂದರ ಕಿಟಕಿಯಿಂದ ಹೊರಬಂದು ಸುತ್ತುವ ಕೈಯನ್ನು ಕಂಡರೆ, ಹಿಂದಿನ ಲಾರಿಯ ತರುಣ ಚಾಲಕನು ಅದನ್ನು ಎಡತಿರುವೆಂದು ತಿಳಿಯದೆ, ಮುಂದೆ ಹೋಗೆಂಬ ಅನುಮತಿಯೆಂದೇ ತಿಳಿದಾನು. ಹಿಂದಿನವನನ್ನು ಮುಂದೆ ಬಿಡುವುದಕ್ಕೂ ಬಲಗೈಯನ್ನೇ ಹಿಂದಕ್ಕೂ ಮುಂದಕ್ಕೂ ಬೀಸಬೇಕೆಂಬ ವಿಧಿ ಇರುವುದರಿಂದ ಇಂಥ ಭ್ರಮೆಗೆ ಆಸ್ಪದವೂ ಇದೆ. ಈ ಒಂದು ಕ್ಷಣದ ತಪ್ಪುತಿಳಿವಳಿಕೆಯಲ್ಲಿ ಹೋಗುವುದು ಪ್ರಾಣವೆಂಬುದನ್ನು ಮರೆಯಲಾಗದು.

೩. ಕೈಯಿಂದ ಕೈಮರಕ್ಕೆ

ಚಾಲಕನ ಕೈಗೆ ಬದಲಾಗಿ ಯಂತ್ರದ ಕೈಯನ್ನು ಕಲ್ಪಿಸುವ ಯತ್ನವು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಕಾಣಬರುತ್ತದೆ. ಪರ್ಸಿ ಡಗ್ಲಸ್-ಹ್ಯಾಮಿಲ್ಟನ್ ಎಂಬಾತನು ೧೯೦೭ರಲ್ಲಿ ಅರ್ಜಿ ಸಲ್ಲಿಸಿ ೧೯೦೯ರಲ್ಲಿ ಅಮೆರಿಕಾದ ಹಕ್ಕುಪತ್ರವನ್ನು ಪಡೆದ ಸಾಧನವು ವಾಹನದ ಮುಂದಿನ ಚಲನೆಯನ್ನು ಸೂಚಿಸತಕ್ಕದ್ದಾಗಿದ್ದಿತು. ಅದರ ಆಕಾರವು ಮನುಷ್ಯನ ಹಸ್ತದಂತೆಯೇ ಇತ್ತೆಂಬುದು ಗಮನಾರ್ಹ. ಹೊಸ ಸಂಜ್ಞೆಯು ಹಳೆಯದರ ಮೂರ್ತಿಯನ್ನು ಧರಿಸಿಯೇ ಹುಟ್ಟುತ್ತದೆ. ಇಲ್ಲವಾದರೆ ಜನರು ಅದನ್ನು ಗುರುತಿಸುವುದು ಕಷ್ಟ. ೧೯೧೪ರ ಸುಮಾರಿನಲ್ಲಿ ಫ್ಲಾರೆನ್ಸ್ ಲಾರೆನ್ಸ್ ಎಂಬ ಚಲಚ್ಚಿತ್ರನಟಿಯು ಒಂದು ಗುಂಡಿಯನ್ನು ಒತ್ತಿದರೆ ಗಾಡಿಯ ಹಿಂಭಾಗದಲ್ಲಿ ಏಳುವ ಸಂಜ್ಞಾಬಾಹುವನ್ನು ರಚಿಸಿದಳು. ಗಾಡಿಯನ್ನು ನಿಲ್ಲಿಸುವಾಗ ಹಿಂದೆ 'ನಿಲ್ಲು' ಎಂಬ ಫಲಕವು ಕಾಣುವಂತೆಯೂ ಏರ್ಪಡಿಸಿದಳು. ಆದರೆ ಆಕೆಯು ಅದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲವಾದ್ದರಿಂದ ಅದರ ಫಲವು ಆಕೆಗೆ ದೊರೆಯಲಿಲ್ಲ.

ಈ ಯತ್ನಗಳು ಆಗ ರೂಢಿಗೆ ಬಾರದಿದ್ದುದಕ್ಕೆ ಕಾರಣವು ಸ್ಪಷ್ಟವಾಗಿದೆ. ಆ ಕಾಲದ ಗಾಡಿಗಳು ಹೆಚ್ಚಾಗಿ ತೆರೆದವು. ಚಾಲಕನು ಕೈಯನ್ನು ಚಾಚಿದರೆ ಸುತ್ತಲಿನವರಿಗೆ ಕಾಣುತ್ತಿತ್ತು. ೧೯೨೦ರ ದಶಕದಲ್ಲಿ ಗಾಜಿನ ಕಿಟಕಿಗಳುಳ್ಳ ಮುಚ್ಚಿದ ಗಾಡಿಗಳು ಬಳಕೆಗೆ ಬಂದವು. ಆಗ ಮಳೆಯಲ್ಲಿಯೂ ಚಳಿಯಲ್ಲಿಯೂ ಕಿಟಕಿಯನ್ನು ಇಳಿಸಿ ಕೈಚಾಚುವುದು ತೊಂದರೆಯಾಯಿತು. ರಾತ್ರಿಯಲ್ಲಿ ಚಾಚಿದರೂ ಕಾಣದಾಯಿತು. ಅಗಲವಾದ ಲಾರಿ ಬಸ್ಸುಗಳಲ್ಲಿ ಒಂದು ಪಕ್ಕದ ಕೈಯು ಇನ್ನೊಂದು ಪಕ್ಕದವನಿಗೆ ಗೋಚರವಾಗದಾಯಿತು. ಕೊರತೆಯು ಹುಟ್ಟಿದ ಮೇಲೆಯೇ ಸಾಧನಕ್ಕೆ ಗೌರವ ಬಂದಿತು.

ಯೂರೋಪಿನಲ್ಲಿ ಈ ಕೊರತೆಯನ್ನು ತುಂಬಿದ್ದು ಇಂಗ್ಲಿಷರು 'ಟ್ರಾಫಿಕೇಟರ್' ಎಂದೂ ಜರ್ಮನರು 'ವಿಂಕರ್' ಎಂದೂ ಕರೆದ ಲೋಹದ ಕೈ. ಜರ್ಮನಿಯ ಬಾಷ್ ಸಂಸ್ಥೆಯು ಇದನ್ನು ೧೯೨೮ರಲ್ಲಿ ಮಾರಾಟಕ್ಕೆ ತಂದಿತು. ಗಾಡಿಯ ಬಾಗಿಲ ಪಕ್ಕದ ಕಂಬದೊಳಗೆ ಒಂದು ಗೂಡು. ಅದರಲ್ಲಿ ಮಡಿಸಿಕೊಂಡಿರುವ ಒಂದು ಗೇಣಿನಷ್ಟು ಉದ್ದದ ಕೈ. ಕೈಯ ತುದಿಯಲ್ಲಿ ಕಿತ್ತಳೆಬಣ್ಣದ ಕಿರುಫಲಕ, ಅದರೊಳಗೆ ಸಣ್ಣ ದೀಪ. ಚಾಲಕನು ಕೀಲಿಯನ್ನು ತಿರುಗಿಸಿದರೆ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು, ಸುರುಳಿಯು ಅಯಸ್ಕಾಂತವಾಗಿ ಒಳಗಿನ ಕಬ್ಬಿಣದ ಸಲಾಕೆಯನ್ನು ಎಳೆಯುತ್ತದೆ. ಸಲಾಕೆಗೆ ಕೂಡಿದ ಕೈಯು ಹೊರಗೆ ಚಾಚಿ ನಿಂತು ಬೆಳಗುತ್ತದೆ. ವಿದ್ಯುತ್ತು ನಿಂತರೆ ಕೈಯು ತನ್ನ ಭಾರದಿಂದಲೇ ಗೂಡಿಗೆ ಮರಳುತ್ತದೆ. ದಾರಿಗಳು ಕೂಡುವ ಎಡೆಯಲ್ಲಿ ನಿಲ್ಲಿಸಿದ ದಿಕ್ಸೂಚಕವನ್ನು ಕನ್ನಡಿಗರು ಕೈಮರವೆಂದು ಕರೆಯುವರು. ಅದರಿಂದ ಕೈಮರ, ಕೈಕಂಬ ಎಂಬ ಊರ ಹೆಸರುಗಳೂ ಹುಟ್ಟಿವೆ. ಟ್ರಾಫಿಕೇಟರನ್ನು ಗಾಡಿಯೊಡನೆ ಸಂಚರಿಸುವ ಕಿರಿಯ ಕೈಮರವೆಂದು ಹೇಳಿದರೆ ಅದರ ಸ್ವರೂಪವು ಕನ್ನಡಿಗರಿಗೆ ಸುಲಭವಾಗಿ ತಿಳಿಯುವುದು.

ಕೈಮರದ ಗುಣವೇನೆಂದರೆ, ಅದು ಚಾಲಕನ ಕೈಯ ಅರ್ಥವನ್ನೇ ಮುಂದುವರಿಸಿತು. ಯಾವ ಕಡೆ ಕೈ ಹೊರಬಂದಿತೋ ಆ ಕಡೆ ತಿರುವು. ಅದರ ದೋಷಗಳೂ ಹಲವು. ಧೂಳೂ ತುಕ್ಕೂ ಹಿಡಿದರೆ ಕೈ ಗೂಡಿನಲ್ಲೇ ಅಂಟಿಕೊಳ್ಳುವುದು, ಹೊರಬಂದದ್ದು ಮರಳದಿರುವುದು, ಚಾಚಿದ್ದಾಗ ಪಕ್ಕದವರ ತೋಳು ತಗುಲಿ ಮುರಿಯುವುದು. ಹಗಲಿನಲ್ಲಿ ಅದರ ಸಣ್ಣ ದೀಪವು ಬಿಸಿಲಿಗೆ ಸೋಲುವುದು. ಹಿಂದೆ ಬರುವವನು ಗಾಡಿಯ ಹಿಂಭಾಗವನ್ನು ನೋಡುತ್ತಿರುವಾಗ ಈ ಕೈಯು ನಡುವಿನ ಕಂಬದಲ್ಲಿರುವುದರಿಂದ ಅವನ ಗಮನಕ್ಕೆ ಬಾರದೆಯೂ ಹೋಗುವುದು.

೪. ಕೈಮರದಿಂದ ದೀಪಕ್ಕೆ

ಅಮೆರಿಕಾದಲ್ಲಿ ಕೈಮರವು ಯೂರೋಪಿನಷ್ಟು ಬೇರೂರಲಿಲ್ಲ. ಅಲ್ಲಿ ೧೯೨೫ರ ಸುಮಾರಿನಲ್ಲಿಯೇ ಎಡ್ಗರ್ ವಾಲ್ಝ್ ಎಂಬಾತನು ಬಾಣದ ಗುರುತುಗಳುಳ್ಳ ದೀಪವನ್ನು ಕಲ್ಪಿಸಿದ್ದರೂ ಗಾಡಿ ಕಟ್ಟುವವರು ಅದರಲ್ಲಿ ಆಸಕ್ತಿ ತೋರಲಿಲ್ಲ. ೧೯೩೯ರ ಮಾದರಿಯ ಬ್ಯೂಯಿಕ್ ಗಾಡಿಗಳಲ್ಲಿ ಮಿನುಗುವ ದೀಪಗಳು ಕಾರ್ಖಾನೆಯಿಂದಲೇ ಜೋಡಿಸಲ್ಪಟ್ಟು ಬಂದವು. ಆಗ ಅವು ಹಿಂಭಾಗದಲ್ಲಿ ಮಾತ್ರ ಇದ್ದವು. ೧೯೪೦ರ ಮಾದರಿಯಲ್ಲಿ ಮುಂಭಾಗಕ್ಕೂ ದೀಪಗಳು ಬಂದುದಲ್ಲದೆ, ತಿರುವು ಮುಗಿದು ಚಾಲನಚಕ್ರವು ನೇರವಾದೊಡನೆ ಸಂಜ್ಞೆಯು ತಾನೇ ನಿಲ್ಲುವ ಏರ್ಪಾಡೂ ಸೇರಿತು.

ದೀಪವು ಏಕೆ ಮಿನುಗಬೇಕು? ಗಾಡಿಯ ಹಿಂದೆ ರಾತ್ರಿಯಿಡೀ ಉರಿಯುವ ದೀಪವೊಂದು, ತಡೆಯನ್ನು ಒತ್ತಿದಾಗ ಉರಿಯುವ ದೀಪವೊಂದು ಮೊದಲೇ ಇದ್ದವು. ಇವುಗಳ ನಡುವೆ ಇನ್ನೊಂದು ದೀಪವು ಸುಮ್ಮನೆ ಉರಿದರೆ ಅದನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಕೈಯಾಗಲಿ ಕೈಮರವಾಗಲಿ ಗಾಡಿಯ ಆಕೃತಿಯನ್ನೇ ಬದಲಿಸುತ್ತಿದ್ದವು; ಆ ಚಲನೆಯೇ ಕಣ್ಣನ್ನು ಸೆಳೆಯುತ್ತಿತ್ತು. ಸ್ಥಿರವಾದ ದೀಪಕ್ಕೆ ಆ ಚಲನೆಯಿಲ್ಲ. ಆ ಲೋಪವನ್ನು ತುಂಬುವುದಕ್ಕಾಗಿ ಮಿನುಗು ಬಂದಿತು. ಹಳೆಯ ಕೈಯ ಚಲನೆಯೇ ಬೆಳಕಿನ ರೂಪವನ್ನು ತಾಳಿ ದೀಪದಲ್ಲಿ ಉಳಿದುಕೊಂಡಿದೆಯೆಂದು ಹೇಳಬಹುದು. ಮಿನುಗಿನ ವೇಗವು ನಿಮಿಷಕ್ಕೆ ೬೦ಕ್ಕೆ ಕಡಮೆಯಾಗದೆ ೧೨೦ಕ್ಕೆ ಮೀರದೆ ಇರಬೇಕೆಂಬುದು ಅನೇಕ ದೇಶಗಳ ವಿಧಿ. ಬಹಳ ಮಂದವಾದರೆ ಕ್ಷಣಮಾತ್ರ ನೋಡಿದವನಿಗೆ ಅದು ಆರಿದ ದೀಪದಂತೆ ಕಾಣುವುದು. ಬಹಳ ಶೀಘ್ರವಾದರೆ ಉರಿಯೂ ಆರಿಕೆಯೂ ಒಂದರೊಳಗೊಂದು ಬೆರೆಯುವುದು.

ಬಣ್ಣದ ವಿಷಯದಲ್ಲಿ ಬಹುಕಾಲ ಐಕಮತ್ಯವಿರಲಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ಎಂಬುದು ಮೊದಲ ರೂಢಿ. ಅಮೆರಿಕಾದಲ್ಲಿ ೧೯೬೩ರ ಮಾದರಿಯ ಗಾಡಿಗಳಿಂದ ಮುಂದಿನ ದೀಪಕ್ಕೆ ಹೊಂಬಣ್ಣವು ಬಂದಿತು. ಹಿಂದೆ ಮಾತ್ರ ಕೆಂಪನ್ನು ಈಗಲೂ ಅಲ್ಲಿ ಅನುಮತಿಸುತ್ತಾರೆ. ಇಂಗ್ಲೆಂಡಿನ ವಿಧಿಯಂತೆ ೧೯೬೫ನೆಯ ಸೆಪ್ಟೆಂಬರ್ ೧ಕ್ಕೆ ಮೊದಲು ಬಳಕೆಗೆ ಬಂದ ವಾಹನಗಳಿಗೆ ಮುಂದೆ ಬಿಳಿ ಅಥವಾ ಹೊಂಬಣ್ಣ, ಹಿಂದೆ ಕೆಂಪು ಅಥವಾ ಹೊಂಬಣ್ಣ, ಅನಂತರದವುಗಳಿಗೆ ಹೊಂಬಣ್ಣವೊಂದೇ. ಕೆಂಪು ದೀಪವು ತಡೆಗೂ ತಿರುವಿಗೂ ಸಮಾನವಾದರೆ ಒಂದೇ ಪದಕ್ಕೆ ಎರಡು ಅರ್ಥಗಳನ್ನು ಕೊಟ್ಟಂತಾಗುವುದು. ಅಮೆರಿಕಾದ ಹೆದ್ದಾರಿ ಸುರಕ್ಷತೆಯ ಇಲಾಖೆಯು ೨೦೦೯ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ಹಿಂದಿನ ಸಂಜ್ಞೆಯು ಹೊಂಬಣ್ಣದ್ದಾಗಿದ್ದರೆ ತಿರುಗುವ ಗಾಡಿಗೆ ಹಿಂದಿನಿಂದ ಬಂದು ಬಡಿಯುವ ಅಪಘಾತಗಳು ಶೇಕಡ ೫ರಷ್ಟು ಕಡಮೆಯಾಗುವುವೆಂದು ಕಂಡುಬಂದಿತು. ಬಣ್ಣವು ಅಲಂಕಾರಮಾತ್ರವಲ್ಲವೆಂಬುದಕ್ಕೆ ಇದೇ ಪ್ರಮಾಣ.

ಯೂರೋಪಿನಲ್ಲಿ ಈ ಪರಿವರ್ತನೆಯು ಒಮ್ಮೆಗೇ ಆಗಲಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ 'ಬೀಟಲ್' ಗಾಡಿಯು ಅಮೆರಿಕಾಕ್ಕೆ ಹೋಗುವಾಗ ೧೯೫೫ರಿಂದಲೇ ಮಿನುಗುವ ದೀಪಗಳನ್ನು ಧರಿಸಿಕೊಂಡಿದ್ದರೆ, ತನ್ನ ನಾಡಿನಲ್ಲಿ ೧೯೬೦ರವರೆಗೂ ಕೈಮರದಿಂದಲೇ ವ್ಯವಹರಿಸುತ್ತಿತ್ತು. ಇಂಗ್ಲೆಂಡಿನಲ್ಲಿ ೧೯೪೮ರಲ್ಲಿ ಹುಟ್ಟಿದ 'ಮೋರಿಸ್ ಮೈನರ್' ೧೯೬೧ರವರೆಗೂ ಕೈಮರವನ್ನು ಬಿಡಲಿಲ್ಲ. ಆ ವರ್ಷ ಬಂದ ಅದರ ಮಿನುಗುದೀಪಗಳು ಮುಂದೆ ಬಿಳಿಯಾಗಿ ಪಕ್ಕದೀಪದ ಗೂಡಿನಲ್ಲಿಯೂ, ಹಿಂದೆ ಕೆಂಪಾಗಿ ತಡೆದೀಪದ ಗೂಡಿನಲ್ಲಿಯೂ ಅಡಗಿದ್ದವು. ೧೯೬೩ರಲ್ಲಿ ಹೊಂಬಣ್ಣದ ಪ್ರತ್ಯೇಕ ದೀಪಗಳು ಬಂದವು. ಎರಡು ವರ್ಷಗಳ ಅಂತರದಲ್ಲಿ ಒಂದೇ ಗಾಡಿಯು ಮೂರು ಸಂಜ್ಞಾಪದ್ಧತಿಗಳನ್ನು ಕಂಡಿತು. ಹೀಗಾಗಿ ಒಂದೇ ಹೆಸರಿನ, ಒಂದೇ ಆಕಾರದ ಗಾಡಿಗಳಲ್ಲಿ ಕೆಲವು ಈ ಕಾಲದ ಭಾಷೆಯನ್ನು ಆಡಬಲ್ಲವು, ಕೆಲವು ಆಡಲಾರವು.

೫. ವಿಧಿಗಳ ವಿಚಾರ

ಹಳೆಯ ವಾಹನಗಳ ಮೇಲೆ ಹೊಸ ವಿಧಿಯನ್ನು ಹೇರಬೇಕೇ ಎಂಬಲ್ಲಿ ರಾಜ್ಯಶಾಸನಗಳು ಸಾಮಾನ್ಯವಾಗಿ ದಾಕ್ಷಿಣ್ಯವನ್ನು ತೋರಿಸಿವೆ. ಇಂಗ್ಲೆಂಡಿನಲ್ಲಿ ೧೯೩೬ನೆಯ ಜನವರಿ ೧ಕ್ಕೆ ಮೊದಲು ಬಳಕೆಗೆ ಬಂದ ವಾಹನಗಳಿಗೆ ದಿಕ್ಸೂಚಕವು ಅವಶ್ಯವಲ್ಲ. ಆ ದೇಶದಲ್ಲಿ ಪ್ರತಿವರ್ಷ ಲಂಡನ್ನಿನಿಂದ ಬ್ರೈಟನ್ನಿಗೆ ನಡೆಯುವ ಓಟದಲ್ಲಿ ೧೯೦೫ಕ್ಕೆ ಮೊದಲು ಕಟ್ಟಿದ ಗಾಡಿಗಳು ಇಂದಿನ ಗಾಡಿಗಳ ನಡುವೆಯೇ ಸಾಗುತ್ತವೆ. ವಿಧಿಯು ದೀಪವನ್ನು ಕೇಳದಿದ್ದರೂ ಹಿಂದೆ ಬರುವವನ ಕಣ್ಣು ಕೇಳುತ್ತದೆಯೆಂಬುದನ್ನು ಅಂಥ ಓಟದಲ್ಲಿ ಗಾಡಿ ನಡೆಯಿಸುವವರು ಬಲ್ಲರು.

ಭಾರತದಲ್ಲಿ ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೧೨೧ನೆಯ ಪ್ರಕರಣವು, ಬಲಗಡೆಯಲ್ಲಿ ಚಾಲನಚಕ್ರವುಳ್ಳ ವಾಹನದಲ್ಲಿ ತಿರುವಿನ ಸಂಜ್ಞೆಯನ್ನು ಯಾಂತ್ರಿಕವಾದ ಅಥವಾ ವಿದ್ಯುತ್ತಿನ ಸಾಧನದಿಂದ ಕೊಡಬಹುದೆಂದು ಹೇಳುತ್ತದೆ. 'ಕೊಡಬಹುದು' ಎಂಬ ಈ ಪ್ರಯೋಗದಲ್ಲಿ ಕೈಯೇ ಮುಖ್ಯ, ಯಂತ್ರವು ವಿಕಲ್ಪ ಎಂಬ ಹಳೆಯ ಕಾಲದ ನೆನಪು ಉಳಿದಿದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೨ನೆಯ ನಿಯಮವು ವಿದ್ಯುತ್ತಿನಿಂದ ನಡೆಯುವ ಹೊಂಬಣ್ಣದ ಮಿನುಗುದೀಪವನ್ನು ವಿಧಿಸಿ, ನಿಮಿಷಕ್ಕೆ ೬೦ರಿಂದ ೧೨೦ ಮಿನುಗುಗಳೆಂದು ಪ್ರಮಾಣವನ್ನೂ ಕಟ್ಟಿತು. ಇಲ್ಲಿ ಯಂತ್ರವೇ ವಿಧಿಯಾಯಿತು.

೨೦೨೧ರಲ್ಲಿ ಈ ನಿಯಮಗಳಿಗೆ ಒಂದು ತಿದ್ದುಪಡಿಯು ಬಂದು, ೫೦ ವರ್ಷಗಳಿಗೂ ಹಳೆಯವಾದ, ಮೂಲರೂಪದಲ್ಲಿಯೇ ಉಳಿಸಿಕೊಂಡ, ಗಣನೀಯವಾದ ಮಾರ್ಪಾಡಿಗೆ ಒಳಗಾಗದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಪ್ರಾಚೀನವಾಹನಗಳೆಂಬ ಪ್ರತ್ಯೇಕ ನೋಂದಣಿಯು ಏರ್ಪಟ್ಟಿತು. ಅವುಗಳ ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳಿರತಕ್ಕದ್ದು. ಪ್ರದರ್ಶನ, ಸಂಶೋಧನೆ, ಪ್ರಾಚೀನವಾಹನಗಳ ಮೆರವಣಿಗೆ, ಎಣ್ಣೆ ತುಂಬಿಸುವುದು, ದುರಸ್ತಿ ಮೊದಲಾದ ಕೆಲಸಗಳಿಗೆ ಮಾತ್ರ ಅವು ದಾರಿಗೆ ಇಳಿಯಬಹುದು. ಈ ನಿಯಮವು ಹಳೆಯ ವಾಹನದ ಒಡೆಯನನ್ನು ಧರ್ಮಸಂದೇಹದಲ್ಲಿ ನಿಲ್ಲಿಸುತ್ತದೆ. ಮೂಲರೂಪವನ್ನು ಕಾಪಾಡು ಎಂಬುದು ಒಂದು ವಿಧಿ. ದಾರಿಯಲ್ಲಿ ಇತರರಿಗೆ ತಿಳಿಯುವಂತೆ ನಡೆ ಎಂಬುದು ಇನ್ನೊಂದು.

೬. ಅಳವಡಿಕೆಯ ಕ್ರಮ

ಈ ಸಂದೇಹವನ್ನು ಪರಿಹರಿಸುವುದಕ್ಕೆ ಮೊದಲು ದೀಪವನ್ನು ಕೂಡಿಸುವ ಕೆಲಸವು ಎಂಥದೆಂಬುದನ್ನು ತಿಳಿಯುವುದು ಅವಶ್ಯಕ. ಏಕೆಂದರೆ ಮೂಲರೂಪಕ್ಕೆ ಎಷ್ಟು ಹಾನಿಯೆಂಬುದು ವಿಧಾನವನ್ನು ಅನುಸರಿಸಿರುತ್ತದೆ.

ಮೊದಲನೆಯದು ವಿದ್ಯುತ್ತಿನ ಪ್ರಮಾಣ. ಸಂಜ್ಞೆಗೆ ಬಳಸುವ ತಂತುದೀಪವು ಸಾಮಾನ್ಯವಾಗಿ ೨೧ ವಾಟಿನದು. ಒಂದು ಪಕ್ಕಕ್ಕೆ ಮುಂದೊಂದು ಹಿಂದೊಂದು ಎಂದರೆ ೪೨ ವಾಟು. ಗಾಡಿಯ ವಿದ್ಯುತ್ಕೋಶವು ೧೨ ವೋಲ್ಟಿನದಾದರೆ ಮೂರೂವರೆ ಆಂಪಿಯರ್ ಹರಿಯುವುದು. ಬಹು ಹಳೆಯ ಗಾಡಿಗಳಲ್ಲಿರುವಂತೆ ೬ ವೋಲ್ಟಿನದಾದರೆ ಏಳು ಆಂಪಿಯರ್. ಆದುದರಿಂದ ೬ ವೋಲ್ಟಿನ ಗಾಡಿಗೆ ಹೆಚ್ಚು ದಪ್ಪವಾದ ತಂತಿ ಬೇಕು. ತೆಳುವಾದರೆ ಬಲವು ದಾರಿಯಲ್ಲೇ ವ್ಯಯವಾಗಿ ದೀಪವು ಮಂಕಾಗುವುದು. ವಿದ್ಯುತ್ತು ಮರಳುವುದಕ್ಕೆ ಗಾಡಿಯ ಲೋಹದ ಮೈಯನ್ನೇ ನಂಬುವುದು ರೂಢಿ. ಹಳೆಯ ಗಾಡಿಯಲ್ಲಿ ತುಕ್ಕೂ ಬಣ್ಣದ ಪದರಗಳೂ ಅಡ್ಡವಾಗುವುದರಿಂದ ಮರಳುವಿಕೆಗೂ ಪ್ರತ್ಯೇಕವಾದ ತಂತಿಯನ್ನು ಎಳೆಯುವುದು ಲೇಸು. ಹೊಸ ಸುತ್ತಿಗೆ ತನ್ನದೇ ಆದ ಫ್ಯೂಸು ಇದ್ದರೆ ಅದರ ದೋಷದಿಂದ ಹಳೆಯ ತಂತಿಗಳು ಸುಡುವ ಭಯವಿರದು.

ಎರಡನೆಯದು ಮಿನುಗಿಸುವ ಸಾಧನ. ಹಳೆಯ ಬಗೆಯ ಫ್ಲಾಷರಿನಲ್ಲಿ ಬಿಗಿದ ಒಂದು ತೆಳುತಂತಿಯು ಎರಡು ಕೊಂಡಿಗಳನ್ನು ಅಗಲಿಸಿ ಹಿಡಿದಿರುತ್ತದೆ. ವಿದ್ಯುತ್ತು ಆ ತಂತಿಯ ಮೂಲಕ ಹರಿದಾಗ ಅದು ಕಾದು ಉದ್ದವಾಗುತ್ತದೆ, ಕೊಂಡಿಗಳು ಕೂಡುತ್ತವೆ, ದೀಪವು ಪೂರ್ಣವಾಗಿ ಬೆಳಗುತ್ತದೆ. ಆಗ ತಂತಿಯಲ್ಲಿ ಹರಿವು ನಿಂತು ಅದು ತಣ್ಣಗಾಗಿ ಕುಗ್ಗುತ್ತದೆ, ಕೊಂಡಿಗಳು ಅಗಲುತ್ತವೆ, ದೀಪವು ಆರುತ್ತದೆ. ಹೀಗೆ ಕಾಯುವುದೂ ಆರುವುದೂ ಮಿನುಗಿನ ತಾಳವಾಗುತ್ತದೆ. ಈ ತಾಳವು ದೀಪಗಳು ಎಳೆಯುವ ವಿದ್ಯುತ್ತನ್ನು ಅವಲಂಬಿಸಿರುವುದರಿಂದ ಒಂದು ದೀಪವು ಕೆಟ್ಟರೆ ಲಯವು ತಪ್ಪುವುದು. ಚಾಲಕನಿಗೆ ಅದೇ ಎಚ್ಚರಿಕೆ. ಈಚೆಗೆ ಬಂದಿರುವ ಎಲ್‌ಇಡಿ ದೀಪಗಳು ಅತ್ಯಲ್ಪ ವಿದ್ಯುತ್ತಿನಿಂದ ಉರಿಯುವುದರಿಂದ ಆ ತಂತಿಯು ಸಾಕಷ್ಟು ಕಾಯದು. ಅವಕ್ಕೆ ಇಲೆಕ್ಟ್ರಾನಿಕ್ ಫ್ಲಾಷರೇ ಬೇಕು. ೧೯೬೦ರ ದಶಕಕ್ಕೆ ಮೊದಲಿನ ಅನೇಕ ಇಂಗ್ಲಿಷ್ ಗಾಡಿಗಳಲ್ಲಿ ವಿದ್ಯುತ್ಕೋಶದ ಧನಧ್ರುವವನ್ನು ಗಾಡಿಯ ಮೈಗೆ ಕೂಡಿಸಿರುತ್ತಾರೆ. ತಂತುದೀಪಕ್ಕೆ ಇದರಿಂದ ಬಾಧೆಯಿಲ್ಲ. ಎಲ್‌ಇಡಿಗಾದರೋ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯಬೇಕಾದ್ದರಿಂದ ಇದನ್ನು ನೋಡದೆ ಜೋಡಿಸಿದರೆ ದೀಪವು ಉರಿಯುವುದೇ ಇಲ್ಲ.

ಮೂರನೆಯದು ಸ್ಥಾನ. ಗಾಡಿಯ ಮೈಗೆ ರಂಧ್ರವನ್ನು ಕೊರೆದು ದೀಪವನ್ನು ಕೂರಿಸುವುದು ಸುಲಭವಾದರೂ ಅಧಮವಾದ ಮಾರ್ಗ. ಮುಂದಿನ ಹಿಂದಿನ ಬಂಪರುಗಳ ಕೊಂಡಿಗಳಿಗೆ ಪಟ್ಟಿಗಳನ್ನು ಬಿಗಿದು ಸಣ್ಣ ದೀಪಗಳನ್ನು ನಿಲ್ಲಿಸುವುದು ಮಧ್ಯಮ. ಇದ್ದ ದೀಪದ ಗೂಡಿನಲ್ಲಿಯೇ ಎರಡು ತಂತುಗಳುಳ್ಳ ದೀಪವನ್ನಿಟ್ಟು ಒಂದನ್ನು ಸಂಜ್ಞೆಗೆ ಬಳಸಿದರೆ ಹೊರಗೆ ಏನೂ ಕಾಣದು. ಆದರೆ ಹಿಂದಿನ ತಡೆದೀಪವನ್ನೇ ಹೀಗೆ ಬಳಸಿದರೆ, ತಡೆಯನ್ನು ಒತ್ತಿದಾಗ ತಿರುವಿನ ಪಕ್ಕದಲ್ಲಿ ಮಾತ್ರ ತಡೆಯ ಬೆಳಕನ್ನು ಬಿಡಿಸಿ ಮಿನುಗನ್ನು ಕೊಡುವ ರಿಲೇ ಎಂಬ ಉಪಕರಣವೂ ಬೇಕಾಗುವುದು; ಬಣ್ಣವೂ ಕೆಂಪಾಗಿಯೇ ಉಳಿಯುವುದು. ಕಣ್ಣಿಗೆ ಮರೆಯಾಗಿರುವುದು ಯಾವಾಗಲೂ ಉತ್ತಮವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ನಾಲ್ಕನೆಯದು ಕೀಲಿ. ಹಳೆಯ ಗಾಡಿಯ ಚಾಲನದಂಡಕ್ಕೆ ಹೊಸ ಕೀಲಿಯನ್ನು ಪಟ್ಟಿಯಿಂದ ಬಿಗಿದರೆ ಕೆಲಸ ನಡೆಯುವುದು. ಆದರೆ ತಿರುವು ಮುಗಿದಾಗ ತಾನೇ ನಿಲ್ಲುವ ಏರ್ಪಾಡು ಅದರಲ್ಲಿರದಿದ್ದರೆ, ಚಾಲಕನು ಮರೆತಾಗ ದೀಪವು ಮೈಲಿಗಟ್ಟಲೆ ಮಿನುಗುತ್ತಲೇ ಹೋಗುವುದು. ಸುಳ್ಳು ಸಂಜ್ಞೆಯು ಸಂಜ್ಞೆಯಿಲ್ಲದಿರುವುದಕ್ಕಿಂತಲೂ ಕೇಡು. ಆದಕಾರಣ ಚಾಲಕನ ಕಣ್ಣೆದುರಿಗೆ ಒಂದು ಸೂಚಕದೀಪವನ್ನೋ ಸದ್ದು ಮಾಡುವ ಸಾಧನವನ್ನೋ ಇಡುವುದು ಅವಶ್ಯಕ. ಕೈಮರವುಳ್ಳ ಗಾಡಿಯಾದರೆ ಅದನ್ನು ಕಿತ್ತುಹಾಕಬೇಕಾದುದೂ ಇಲ್ಲ. ಒಂದೇ ಕೀಲಿಯಿಂದ ಕೈಮರವನ್ನೂ ದೀಪವನ್ನೂ ನಡೆಯಿಸಬಹುದು. ಆಗ ಕೈಮರದ ತಂತಿಯನ್ನು ಫ್ಲಾಷರಿನಿಂದ ಬೇರ್ಪಡಿಸಿ ನೇರವಾಗಿ ತರಬೇಕು. ಇಲ್ಲವಾದರೆ ದೀಪದೊಡನೆ ಕೈಯೂ ಎದ್ದು ಬಿದ್ದು ಬಡಿದುಕೊಳ್ಳುವುದು.

೭. ಪೂರ್ವಪಕ್ಷವೂ ಸಿದ್ಧಾಂತವೂ

ಇನ್ನು ಮೊದಲು ಹೇಳಿದ ಸಂದೇಹದ ವಿಚಾರ. ಕೆಲವರು ಹೀಗೆ ವಾದಿಸುವರು: ಹಳೆಯ ಗಾಡಿಯು ತನ್ನ ಕಾಲದ ಸಾಕ್ಷಿ. ೧೯೩೦ರ ಗಾಡಿಗೆ ದೀಪವನ್ನು ಕೂಡಿಸಿದರೆ ಆ ಕಾಲದಲ್ಲಿಯೇ ದೀಪವಿತ್ತೆಂದು ಮುಂದಿನವರು ಭ್ರಮಿಸುವರು. ಇದು ಗ್ರಂಥದಲ್ಲಿ ಪ್ರಕ್ಷಿಪ್ತವನ್ನು ಸೇರಿಸಿದಂತೆ. ಆದುದರಿಂದ ದೀಪವು ಸಲ್ಲದು, ಕೈಯೇ ಸಾಕು. ಇನ್ನು ಕೆಲವರು, ಪ್ರಾಣಕ್ಕಿಂತ ಹ��ಚ್ಚಿನ ಪ್ರಾಚೀನತೆಯಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೆ ದೋಷವೇನು ಎನ್ನುವರು.

ಇವೆರಡು ಪಕ್ಷಗಳೂ ವ್ಯಾಕರಣದಲ್ಲಿ ಪ್ರಸಿದ್ಧವಾದ ಒಂದು ಭೇದವನ್ನು ಮರೆತಿವೆ. ಸಂಧಿಯಲ್ಲಿ ಇದ್ದ ವರ್ಣವನ್ನು ಹೋಗಲಾಡಿಸಿ ಅದರ ಸ್ಥಾನದಲ್ಲಿ ಬೇರೊಂದು ಬಂದು ಕುಳಿತರೆ ಅದು ಆದೇಶ. ಇದ್ದ ವರ್ಣಗಳೆಲ್ಲ ಇದ್ದಂತೆಯೇ ಇರಲು ನಡುವೆ ಇನ್ನೊಂದು ಬಂದು ಸೇರಿದರೆ ಅದು ಆಗಮ. ಮಳೆ ಎಂಬುದಕ್ಕೆ ಕಾಲ ಎಂಬುದು ಸೇರಿ ಮಳೆಗಾಲವಾದಾಗ ಕಕಾರವು ಹೋಯಿತು. ಮನೆ ಎಂಬುದಕ್ಕೆ ಅಲ್ಲಿ ಎಂಬುದು ಸೇರಿ ಮನೆಯಲ್ಲಿ ಎಂದಾದಾಗ ಯಕಾರವು ಬಂದಿತೇ ಹೊರತು ಯಾವುದೂ ಹೋಗಲಿಲ್ಲ. ವೈಯಾಕರಣರು ಆದೇಶವನ್ನು ಶತ್ರುವಿಗೂ ಆಗಮವನ್ನು ಮಿತ್ರನಿಗೂ ಹೋಲಿಸುವ ವಾಡಿಕೆಯುಂಟು. ಕೈಮರವನ್ನು ಕಿತ್ತು, ಮೈಯನ್ನು ಕೊರೆದು, ಹಳೆಯ ದೀಪದ ಗೂಡನ್ನು ಒಡೆದು ಕೂರಿಸಿದ ಸಂಜ್ಞಾದೀಪವು ಆದೇಶ. ಇದ್ದ ಕೊಂಡಿಗಳಿಗೆ ಬಿಗಿದು, ಬೇರೆ ತಂತಿಯಿಂದ ಬೆಳಗಿಸಿ, ಬೇಡವಾದಾಗ ಗುರುತಿಲ್ಲದಂತೆ ಬಿಚ್ಚಬಹುದಾದ ದೀಪವು ಆಗಮ. ಎರಡು ಸ್ವರಗಳು ಎದುರುಬದುರಾದಾಗ ಉಚ್ಚಾರಣೆಗೆ ಒದಗುವ ಕ್ಲೇಶವನ್ನು ಕಳೆಯುವುದಕ್ಕಾಗಿ ಯಕಾರವು ಬರುವಂತೆ, ಎರಡು ಕಾಲಗಳು ಒಂದೇ ದಾರಿಯಲ್ಲಿ ಎದುರುಬದುರಾದಾಗ ಒದಗುವ ಅಪಾಯವನ್ನು ಕಳೆಯುವುದಕ್ಕಾಗಿ ಈ ದೀಪವು ಬರುತ್ತದೆ.

ಪ್ರಕ್ಷಿಪ್ತವೆಂಬ ಆಕ್ಷೇಪಕ್ಕೂ ಸಮಾಧಾನವುಂಟು. ಪ್ರಕ್ಷಿಪ್ತದ ದೋಷವು ಸೇರಿಸಿದ್ದರಲ್ಲಿಲ್ಲ, ಸೇರಿಸಿದ್ದನ್ನು ಮರೆಯಿಸಿದ್ದರಲ್ಲಿದೆ. ತಾಳೆಗರಿಯ ಪ್ರತಿಯನ್ನು ಶೋಧಿಸುವ ಪಂಡಿತನು ಮೂಲವನ್ನು ಕೆರೆದು ತನ್ನ ಪಾಠವನ್ನು ಬರೆಯುವುದಿಲ್ಲ. ಲುಪ್ತವಾದುದನ್ನು ಕಂಸದೊಳಗಿಟ್ಟು, ಇದು ತಾನು ಕೂಡಿಸಿದ್ದೆಂದು ತಿಳಿಸುತ್ತಾನೆ. ಹಾಗೆಯೇ ಸಂಜ್ಞಾದೀಪವನ್ನು ಕೂಡಿಸಿದವನು ಯಾವ ವರ್ಷ, ಯಾವ ಎಡೆಯಲ್ಲಿ, ಯಾವ ತಂತಿಯಿಂದ ಕೂಡಿಸಿದನೆಂಬುದನ್ನು ಗಾಡಿಯ ಕಾಗದಪತ್ರಗಳೊಡನೆ ಬರೆದಿಟ್ಟರೆ, ತೆಗೆದ ಭಾಗವೇನಾದರೂ ಇದ್ದರೆ ಅದನ್ನು ಜೋಪಾನವಾಗಿಟ್ಟರೆ, ಮುಂದಿನವನಿಗೆ ಭ್ರಮೆಗೆ ಕಾರಣವಿರದು. ಹಳೆಯ ಕೈಮರವೂ ಹೊಸ ದೀಪವೂ ಒಂದೇ ಗಾಡಿಯಲ್ಲಿ ಒಟ್ಟಿಗೆ ಬೆಳಗಿದರೆ ಮೂಲವನ್ನೂ ವ್ಯಾಖ್ಯಾನವನ್ನೂ ಒಂದೇ ಪುಟದಲ್ಲಿ ಕಂಡಂತಾಗುವುದು.

ಇಲ್ಲಿ ಒಂದು ವಿವೇಕವು ಅವಶ್ಯ. ಧರ್ಮಸ್ಥಳದ ಸಂಗ್ರಹಾಲಯದಲ್ಲಿರುವ ಹಳೆಯ ಕಾರುಗಳಂತೆ, ನೋಡುವವರಿಗಾಗಿ ನಿಂತಿರುವ ಗಾಡಿಗೆ ಯಾವ ಸಂಜ್ಞೆಯೂ ಬೇಡ; ಅದು ಯಾರೊಡನೆಯೂ ದಾರಿಯನ್ನು ಹಂಚಿಕೊಳ್ಳುವುದಿಲ್ಲ. ಅಲ್ಲಿ ಮೂಲರೂಪವೇ ಸರ್ವಸ್ವ. ವರ್ಷಕ್ಕೊಮ್ಮೆಯಾದರೂ ದಾರಿಗೆ ಇಳಿಯುವ ಗಾಡಿಗೆ ಆ ದಿನವಾದರೂ ದೀಪವು ಬೇಕು. ಬಿಚ್ಚಬಹುದಾದ ದೀಪವಾದರೆ ಆ ದಿನ ಕಟ್ಟಿ ಮರುದಿನ ಬಿಚ್ಚಿಡಬಹುದು.

ದೀಪವಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕಾಗಿದೆ. ಭಾರತದ ಹೆದ್ದಾರಿಗಳಲ್ಲಿ ಕೆಲವು ಲಾರಿ ಚಾಲಕರು ಬಲದ ದೀಪವನ್ನು ಮಿನುಗಿಸಿ, ಹಿಂದಿನವನಿಗೆ ಮುಂದೆ ಹೋಗಬಹುದೆಂದು ತಿಳಿಸುವ ರೂಢಿಯನ್ನು ಇಟ್ಟುಕೊಂಡಿದ್ದಾರೆ. ಅದೇ ದೀಪವೇ ವಿಧಿಯಂತೆ ಬಲತಿರುವನ್ನೂ ಹೇಳುತ್ತದೆ. ಕಾವ್ಯದಲ್ಲಿ ಒಂದು ಪದಕ್ಕೆ ಎರಡರ್ಥವಾದರೆ ಶ್ಲೇಷವೆಂದು ಸಹೃದಯರು ಸಂತೋಷಪಡುವರು. ದಾರಿಯಲ್ಲಿ ಹಾಗಾದರೆ, ಒಂದರ್ಥವನ್ನು ನಂಬಿ ಮುಂದೆ ಹೋದವನು ಇನ್ನೊಂದರ್ಥಕ್ಕೆ ಬಲಿಯಾಗುವನು. ಕೈಯ ಸಂಜ್ಞೆಗೆ ಬಂದ ಗತಿಯು ದೀಪಕ್ಕೂ ಬಾರದಿರಬೇಕಾದರೆ ಒಪ್ಪಿಕೊಂಡ ಅರ್ಥದಲ್ಲಿಯೇ ಅದನ್ನು ಬಳಸುವ ಶಿಷ್ಟಾಚಾರವು ಉಳಿಯಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ತಿರುವಿನ ಸಂಜ್ಞೆಯು ಗಾಡಿಯ ಅಂಗವೆನ್ನುವುದಕ್ಕಿಂತ ಅಪರಿಚಿತರಿಬ್ಬರ ನಡುವಿನ ಮಾತು ಎನ್ನುವುದು ಯುಕ್ತ. ಮಾತು ಕೇಳುವವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಹಳೆಯ ಗಾಡಿಯು ತನ್ನ ಹಳೆಯ ಮೈಯನ್ನು ಉಳಿಸಿಕೊಂಡೇ ಈ ಕಾಲದವರಿಗೆ ತಿಳಿಯುವ ಒಂದು ಪದವನ್ನು ಕಲಿತರೆ ಅದರ ಪ್ರಾಚೀನತೆಗೆ ಕುಂದಿಲ್ಲ. ಹಿಂದೆ ಬರುವವನೂ ಕ್ಷೇಮದಿಂದ ಮನೆಯನ್ನು ಸೇರುವನು.